ಲೇಬಲ್ ಅಂಟಿಸುವ ಕೆಲಸ

ಮೈಸೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಒಂಬತ್ತು ವರ್ಷ ಟೆಕ್ನಾಲಜಿಸ್ಟ್ ಆಗಿದ್ದೆ. ರಕ್ತ ತೆಗೆಯುವುದು, ಸ್ಲೈಡ್ ನೋಡುವುದು, ವರದಿ ಬರೆಯುವುದು. ಗಂಡನನ್ನು ಅವನ ಕಂಪನಿ ಟೋಕಿಯೋಗೆ ಕಳಿಸಿದಾಗ ರಾಜೀನಾಮೆ ಕೊಟ್ಟು ಅವನ ಜೊತೆ ಅಲ್ಲಿನ ನಿಶಿ ಕಸಾಯಿ ಬಡಾವಣೆಗೆ ಬಂದೆ. ನನ್ನದು ಅವಲಂಬಿತಳ ವೀಸಾ. ವಾರಕ್ಕೆ ಇಪ್ಪತ್ತೆಂಟು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ ಎಂದು ಗುರುತಿನ ಕಾರ್ಡಿನ ಬೆನ್ನಿಗೆ ಮುದ್ರೆ ಬಿದ್ದಿತ್ತು. ಮೊದಲ ವರ್ಷ ಭಾಷೆ ಕಲಿಯುವುದರಲ್ಲಿ ಕಳೆಯಿತು. ಎರಡನೆಯ ವರ್ಷ ಕೊರೋನಾ ಬಂತು.

ಊರೂರಿಗೆ ಲ್ಯಾಬ್ ಸಿಬ್ಬಂದಿಯನ್ನು ಕಳಿಸುವ ಒಂದು ಏಜೆನ್ಸಿ ಜನರನ್ನು ಹುಡುಕುತ್ತಿತ್ತು. ಗಂಡ ಮೀಟಿಂಗಿನ ಮೈಕ್ ಆಫ್ ಮಾಡಿ ಹೇಳಿದ: "ನಿನ್ ಫೀಲ್ಡೇ ಅಲ್ವಾ? ಈಗ ಡಿಮಾಂಡ್ ಇದೆ. ಅಪ್ಲೈ ಮಾಡು, ಏನ್ ಹೋಗತ್ತೆ?"

ಸಂದರ್ಶನ ವಿಡಿಯೋದಲ್ಲಿ ನಡೆಯಿತು. ಏಜೆನ್ಸಿಯ ಮ್ಯಾನೇಜರ್ ಮೂರು ಪ್ರಶ್ನೆ ಕೇಳಿದರು. ಜಪಾನಿನ ಲ್ಯಾಬ್ ಟೆಕ್ನಾಲಜಿಸ್ಟ್ ಲೈಸೆನ್ಸ್ ಇದೆಯೇ? ಇಲ್ಲ. ಜಪಾನಿ ಭಾಷೆಯ ಪರೀಕ್ಷೆಯಲ್ಲಿ ಅತಿ ಮೇಲಿನ ಮಟ್ಟ ಪಾಸಾಗಿದೆಯೇ? ಇಲ್ಲ, ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿದ್ದೇನೆ. ಎಲ್ಲಿಗೆ ಕಳಿಸಿದರೂ ಹೋಗುತ್ತೀರಾ? ಹೋಗುತ್ತೇನೆ. ಕೊನೆಯ ಉತ್ತರಕ್ಕೆ ಕೆಲಸ ಸಿಕ್ಕಿತು. ಹುದ್ದೆಯ ಹೆಸರು ಸಹಾಯಕಿ. ಗಂಟೆಗೆ ಸಿಗುತ್ತಿದ್ದದ್ದು ಬೀದಿಬೀದಿಯ ಕೊಂಬಿನಿ ಅಂಗಡಿಗಳಲ್ಲಿ ಬಿಲ್ ಮಾಡುವವರಿಗಿಂತ ತುಸು ಹೆಚ್ಚು.

ಒಂದು ದಿನ ಯೋಕೋಹಾಮಾ, ಒಂದು ದಿನ ಉರಯಾಸುವಿನ ಸಭಾಭವನ, ಇನ್ನೊಂದು ದಿನ ಯಾವುದೋ ವೃದ್ಧಾಶ್ರಮ. ಎಲ್ಲ ಕಡೆಯೂ ಅದೇ ಪ್ಲಾಸ್ಟಿಕ್ ಪರದೆ. ಬಾಯಲ್ಲಿ ನೀರೂರಲಿ ಎಂದು ಗೋಡೆಗೆ ನಿಂಬೆಹಣ್ಣಿನದೂ ಉಪ್ಪಿನಲ್ಲಿ ಹಾಕಿದ ಉಮೆಬೋಶಿ ಕಾಯಿಯದೂ ಫೋಟೋ ಅಂಟಿಸಿರುತ್ತಿದ್ದರು. ಬಂದವರು ಅವನ್ನು ನೋಡುತ್ತ ಕೊರೋನಾ ಪರೀಕ್ಷೆಗೆಂದು ಟ್ಯೂಬಿಗೆ ಉಗುಳುತ್ತಿದ್ದರು. "ಸುಮಿಮಾಸೆನ್, ಕ್ಷಮಿಸಿ, ಈ ಗೆರೆಯವರೆಗೆ" ಎಂದು ಬೆರಳು ತೋರಿಸುವುದು, ಟ್ಯೂಬಿಗೆ ಲೇಬಲ್ ಅಂಟಿಸುವುದು, ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸುವುದು ನನ್ನ ಕೆಲಸ. ಅಲ್ಲಿನವರು ಯಾರೂ ನನ್ನ ಹೆಸರು ಕೇಳಲಿಲ್ಲ. ಏಜೆನ್ಸಿಯಿಂದ ಬಂದವರನ್ನೆಲ್ಲ "ಹಾಕೆನ್ ಸಾನ್", ಅಂದರೆ ಕಳಿಸಿಕೊಟ್ಟವರು, ಎಂದೇ ಕರೆಯುತ್ತಿದ್ದರು. ಮೊದಮೊದಲು ಮುಜುಗರವಾಯಿತು. ಆಮೇಲೆ ಅದೂ ಆಗಲಿಲ್ಲ.

ನಮ್ಮ ತಂಡದಲ್ಲಿ ಲೈಸೆನ್ಸ್ ಇದ್ದವರು ಒಬ್ಬರೇ, ಅವೊಮೋರಿಯಿಂದ ಬಂದಿದ್ದ ಐವತ್ತು ದಾಟಿದ ಹೆಂಗಸು. ಊರಿನ ಆಸ್ಪತ್ರೆ ಬಿಟ್ಟು ಒಂಬತ್ತು ತಿಂಗಳಿಂದ ಒಂದು ಸೂಟ್‌ಕೇಸ್ ಹಿಡಿದು ಹೋಟೆಲಿನಿಂದ ಹೋಟೆಲಿಗೆ ಅಲೆಯುತ್ತಿದ್ದರು. ಅವರ ಸಂಬಳ ನನ್ನದರ ಎರಡೂವರೆ ಪಟ್ಟು, ರೈಲು ಮತ್ತು ರೂಮಿನ ಖರ್ಚು ಬೇರೆ. ನಾನು ಕೇಳದಿದ್ದರೂ ಅವರೇ ಹೇಳಿದರು. ಹೆಮ್ಮೆಯಿಂದಲ್ಲ, ಹವಾಮಾನ ಹೇಳುವ ಹಾಗೆ.

"ಮನೆ ನೆನಪಾಗುವುದಿಲ್ಲವೇ?" ಎಂದು ಕೇಳಿದೆ.

"ಮೊದಲ ತಿಂಗಳು ಆಗುತ್ತಿತ್ತು. ಈಗ ಬೆಳಿಗ್ಗೆ ಎದ್ದಾಗ ಯಾವ ಊರಲ್ಲಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ" ಎಂದರು.

ಭಾರತದಲ್ಲಿ ಎರಡನೇ ಅಲೆ ಏರಿದ್ದ ದಿನಗಳು. ಚಿಬಾದ ಒಂದು ವೃದ್ಧಾಶ್ರಮದಲ್ಲಿ ಮಧ್ಯಾಹ್ನದ ಬಿಡುವು. ಕಾರಿಡಾರಿನ ಕುರ್ಚಿಯಲ್ಲಿ ಕೂತು ಓನಿಗಿರಿ ಅನ್ನದುಂಡೆಯ ಪೊಟ್ಟಣ ಬಿಚ್ಚುತ್ತಿದ್ದಾಗ ಮೈಸೂರಿನ ಹಳೆಯ ಸಹೋದ್ಯೋಗಿಯ ಸಂದೇಶ ಬಂತು. ನಮ್ಮ ಲ್ಯಾಬಿನ ಹಿರಿಯಾಕೆ, ನಾನು ಅಕ್ಕ ಅನ್ನುತ್ತಿದ್ದವರು, ಹಿಂದಿನ ದಿನ ನಮ್ಮದೇ ಆಸ್ಪತ್ರೆಯಲ್ಲಿ ಹೋಗಿಬಿಟ್ಟಿದ್ದರು. ನನ್ನ ಕೈ ಹಿಡಿದು ಮೊದಲ ಬಾರಿ ನರಕ್ಕೆ ಸೂಜಿ ಹಾಕಿಸಿದವರು ಅವರು. "ಲೇಬಲ್ ಆಮೇಲೆ ಓದು ಕಣೇ, ಮೊದ್ಲು ಮುಖ ನೋಡು" ಅನ್ನುತ್ತಿದ್ದರು.

ಸಂದೇಶವನ್ನು ಎರಡು ಸಲ ಓದಿದೆ. ಓನಿಗಿರಿ ಪೂರ್ತಿ ತಿಂದೆ. ಕೈ ತೊಳೆದು ಹೊಸ ಗ್ಲೌಸ್ ಹಾಕಿಕೊಂಡು ಒಳಗೆ ಹೋದೆ. ಅಳು ಬರಲಿಲ್ಲ, ಬರಬೇಕಿತ್ತು ಎಂದೂ ಅನಿಸಲಿಲ್ಲ.

ಮಧ್ಯಾಹ್ನ ನಾನು ಒಬ್ಬೊಬ್ಬರದೇ ಕೋಣೆಗೆ ಹೋಗಿ ಟ್ಯೂಬ್ ತುಂಬಿಸಿಕೊಂಡು ಬರುತ್ತಿದ್ದೆ. ನನ್ನ ಹಾಗೆಯೇ ಬಂದಿದ್ದ ಇನ್ನೊಬ್ಬಳು ಮೇಜಿನ ಬಳಿ ಕೂತು, ನಾನು ತಂದಿಟ್ಟ ಕ್ರಮದಲ್ಲೇ ಪಟ್ಟಿ ನೋಡಿ ಲೇಬಲ್ ಅಂಟಿಸುತ್ತಿದ್ದಳು. ಸಂಜೆ ಡಬ್ಬಿಗೆ ತುಂಬುವಾಗ ಹದಿನೇಳನೆಯ ಟ್ಯೂಬಿನ ಮೇಲೆ ನನ್ನ ಕಣ್ಣು ನಿಂತಿತು. ಹದಿನೇಳನೆಯವರು ಕಿಟಕಿ ಪಕ್ಕದ ಹಾಸಿಗೆಯ ಅಜ್ಜ. ಗಾಢ ನಿದ್ದೆಯಲ್ಲಿದ್ದರು, ಎಬ್ಬಿಸುವುದು ಬೇಡ ಎಂದು ನರ್ಸ್ ಹೇಳಿದ್ದರಿಂದ ಅವರನ್ನು ಬಿಟ್ಟು ಮುಂದೆ ಹೋಗಿದ್ದೆ. ಆದರೆ ಅವರ ಹೆಸರಿನ ಟ್ಯೂಬ್ ತುಂಬಿತ್ತು. ಅಂದರೆ ಅದು ಹದಿನೆಂಟನೆಯವರ ಎಂಜಲು. ಅಲ್ಲಿಂದ ಮುಂದಕ್ಕೆ ಎಲ್ಲ ಲೇಬಲ್ಲೂ ಒಂದೊಂದು ಸ್ಥಾನ ತಪ್ಪಿದ್ದವು. ಹಾಗೇ ಕಳಿಸಿದ್ದರೆ ಯಾರಿಗೋ ಬಂದ ರೋಗ ಇನ್ಯಾರದೋ ಹೆಸರಿಗೆ ಹೋಗುತ್ತಿತ್ತು. ರೋಗವಿದ್ದವರು ಊಟದ ಕೋಣೆಯಲ್ಲಿ ಎಲ್ಲರ ಜೊತೆ ಕೂರುತ್ತಿದ್ದರು.

ಅವೊಮೋರಿಯವರ ಬಳಿ ಹೋಗಿ, ಗೊತ್ತಿದ್ದಷ್ಟು ಜಪಾನಿಯಲ್ಲಿ ಹೇಳಿದೆ: "ಹದಿನೇಳು ಮಲಗಿದ್ದರು. ನಾನು ತೆಗೆದುಕೊಂಡಿಲ್ಲ. ಆದರೆ ಟ್ಯೂಬ್ ಇದೆ."

ಅವರು ಪಟ್ಟಿ ನೋಡಿದರು, ಸ್ಟ್ಯಾಂಡ್ ನೋಡಿದರು, ನನ್ನನ್ನು ನೋಡಿದರು. "ಹದಿನೇಳರಿಂದ ಎಲ್ಲ ವಾಪಸ್" ಎಂದರು. ಇಪ್ಪತ್ತಕ್ಕೂ ಹೆಚ್ಚು ವೃದ್ಧರ ಬಳಿ ಮತ್ತೆ ಹೋಗಿ, ಬಾಗಿ ಕ್ಷಮೆ ಕೇಳಿ, ಮತ್ತೆ ಉಗುಳಿಸಿದೆವು. ಒಬ್ಬ ಅಜ್ಜಿ ನಗುತ್ತ, "ಇನ್ನು ನನ್ನಲ್ಲಿ ಏನೂ ಉಳಿದಿಲ್ಲಮ್ಮ" ಎಂದರು.

ಮರುದಿನ ಏಜೆನ್ಸಿಯ ಮ್ಯಾನೇಜರ್ ಫೋನ್ ಮಾಡಿದರು. ತುಂಬ ಹೊತ್ತು ಧನ್ಯವಾದ ಹೇಳಿ, ಆಮೇಲೆ ಅಷ್ಟೇ ನಯವಾಗಿ ಅಂದರು: "ಆದರೆ ಸರಿತಪ್ಪು ತೀರ್ಮಾನಿಸುವುದು ಲೈಸೆನ್ಸ್ ಇದ್ದವರ ಕೆಲಸ. ಇನ್ನು ಮುಂದೆ ಏನಾದರೂ ಕಂಡರೆ ಮೊದಲು ನನಗೆ ತಿಳಿಸಿ."

"ಹಾಯ್", ಆಗಲಿ, ಎಂದೆ. ಅವರ ಮೇಲೆ ಸಿಟ್ಟು ಬರಲಿಲ್ಲ. ಗಂಡನಿಗೆ ಅಕ್ಕ ಹೋದ ಸುದ್ದಿ, ಈ ಫೋನಿನ ಸುದ್ದಿ ಎರಡನ್ನೂ ಒಟ್ಟಿಗೇ ಹೇಳಿದೆ. ಅವನು ಲ್ಯಾಪ್‌ಟಾಪ್ ಮುಚ್ಚಿದ. "ನೀನು ಅತ್ತಿದ್ರೆ ಚೆನ್ನಾಗಿರ್ತಿತ್ತು" ಎಂದ. ನನಗೆ ಪಾತ್ರೆ ತೊಳೆಯುವುದಿತ್ತು.

ಮುಂದಿನ ವಾರ ಅವೊಮೋರಿಯವರು ಒಂದು ಹಾಳೆಯಲ್ಲಿ ಬರೆದು ತಂದರು: ಲೈಸೆನ್ಸ್ ಪಡೆಯಲು ನನ್ನಂಥವರಿಗೆ ಏನೇನು ಬೇಕು. ಕಾಲೇಜಿನಲ್ಲಿ ಯಾವ ವಿಷಯ ಎಷ್ಟು ಗಂಟೆ ಓದಿದ್ದೆ ಎಂಬ ದಾಖಲೆ, ಅದರ ಅನುವಾದ, ಭಾಷೆಯ ಮೇಲಿನ ಮಟ್ಟ, ಸಚಿವಾಲಯದ ಒಪ್ಪಿಗೆ, ಆಮೇಲೆ ರಾಷ್ಟ್ರೀಯ ಪರೀಕ್ಷೆ. "ನಿಮ್ಮ ಕಣ್ಣು ಟೆಕ್ನಾಲಜಿಸ್ಟ್ ಕಣ್ಣು. ಕಾಗದ ಮಾತ್ರ ಇಲ್ಲ" ಎಂದರು.

ಕಾಲೇಜಿಗೆ ಫೋನ್ ಮಾಡಿದೆ. ಗುಮಾಸ್ತರು, "ಮೇಡಂ, ನಿಮ್ ಕಾಲದ ಸಿಲಬಸ್ ಈಗಿಲ್ಲ. ಲಾಕ್‌ಡೌನ್ ಮುಗೀಲಿ, ಹುಡುಕ್ಸೋಣ" ಎಂದರು. ಸಿಕ್ಕಿದ್ದು ಒಂದು ವರ್ಷದ ಮೇಲೆ, ಅದೂ ಅರ್ಧ. ಅಷ್ಟರಲ್ಲಿ ಭಾಷಾ ಪರೀಕ್ಷೆಯ ಎರಡನೇ ಮಟ್ಟ ದಾಟಿ, ಮೇಲಿನ ಮಟ್ಟದಲ್ಲಿ ಎರಡು ಸಲ ಫೇಲಾಗಿದ್ದೆ. ಸಚಿವಾಲಯಕ್ಕೆ ದಾಖಲೆ ತೋರಿಸಿದಾಗ, ಇವು ಸಾಲುವುದಿಲ್ಲ ಎಂದರು. ಕಿಟಕಿಯ ಆಚೆಗಿದ್ದ ಅಧಿಕಾರಿ ಬಾಗಿ ವಂದಿಸಿದರು, ನಾನೂ ವಂದಿಸಿದೆ.

ಕೊರೋನಾ ಪರೀಕ್ಷಾ ಕೇಂದ್ರಗಳು ಒಂದೊಂದಾಗಿ ಮುಚ್ಚಿದವು. ಅವೊಮೋರಿಯವರು ಊರಿಗೆ ಮರಳಿದರು. ಹಳೆಯ ಆಸ್ಪತ್ರೆ ಹಳೆಯ ಸಂಬಳಕ್ಕೇ ಅವರನ್ನು ಮತ್ತೆ ಸೇರಿಸಿಕೊಂಡಿತು. ನನಗೆ ಉರಯಾಸುವಿನ ಹತ್ತಿರ ಆಹಾರ ಪರೀಕ್ಷಿಸುವ ಲ್ಯಾಬಿನಲ್ಲಿ ಅರೆಕಾಲಿಕ ಕೆಲಸ ಸಿಕ್ಕಿತು. ಅಂಗಡಿಗೆ ಹೋಗುವ ಊಟದ ಡಬ್ಬಿಗಳಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆಯೇ ಎಂದು ನೋಡಬೇಕು. ಮನುಷ್ಯರ ರಕ್ತವಲ್ಲವಾದ್ದರಿಂದ ಲೈಸೆನ್ಸ್ ಬೇಕಿಲ್ಲ.

ಮೊದಲ ದಿನ ಮೇಲ್ವಿಚಾರಕರು ಗಾಜಿನ ತಟ್ಟೆಯೊಂದನ್ನು ಕೊಟ್ಟು, ಅದರಲ್ಲಿ ಬೆಳೆದ ಚುಕ್ಕೆಗಳನ್ನು ಎಣಿಸಲು ಹೇಳಿದರು. ಎಣಿಸಿದೆ. ತಾವೂ ಎಣಿಸಿ ನೋಡಿದರು. ವರದಿಯನ್ನು ನನ್ನ ಮುಂದಿಟ್ಟು, "ಪರೀಕ್ಷಿಸಿದವರು ಅಂತ ಇದೆಯಲ್ಲ, ಅಲ್ಲಿ ನಿಮ್ಮ ಹೆಸರಿನ ಮೊಹರು ಒತ್ತಿ" ಎಂದರು.

"ಮೊಹರು ಇಲ್ಲ" ಎಂದೆ.

"ಸಹಿ ಆದರೂ ಸಾಕು."

ಕನ್ನಡದಲ್ಲಿ ಸಹಿ ಮಾಡಿದೆ. ಅವರು ಅದನ್ನು ಕ್ಷಣ ನೋಡಿ, ಓದಲು ಬಾರದಿದ್ದರೂ ತಲೆಯಾಡಿಸಿ, ಮುಂದಿನ ತಟ್ಟೆ ಕೊಟ್ಟರು.