ಮೂರು ಬೆರಳು ಎತ್ತರದ ಸೀಟು

ಇವತ್ತು ಬೆಳಿಗ್ಗೆ ಹಾಲು ಕಾಯಿಸಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಅತ್ತೆಗೆ ತಲೆಗೆರೆದು ಜಡೆ ಹಾಕಿದೆ. ಜಡೆ ಎಂದರೆ ಈಗ ಕಿರುಬೆರಳಿನಷ್ಟು. ಉಪ್ಸಾರಿಗೆ ಸೊಪ್ಪು ಬಿಡಿಸಿದೆ. ಕಿರುಪರೀಕ್ಷೆಯ ಉತ್ತರಪತ್ರಿಕೆ ಒಂದಷ್ಟು ತಿದ್ದಿ, ಬೇಸರವಾಗಿ ಮುಚ್ಚಿಟ್ಟೆ. ಕಾರಿನ ಎಡಗಡೆ ಸೀಟಿನ ನಾಲ್ಕೂ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿದೆ. ಅತ್ತೆಯ ತಲೆಗೆ ಹಚ್ಚಿ ಮಿಕ್ಕಿದ್ದ ಸೀಗೆಪುಡಿಯಲ್ಲಿ ಕೈಗೆ ಹತ್ತಿದ ಗ್ರೀಸನ್ನು ತೊಳೆದೆ.

ಕೊನೆಯ ಎರಡು ಕೆಲಸ ನನ್ನವೇ ಎಂದು ನನಗೇ ನಂಬಿಕೆ ಬರುವುದು ಸ್ವಲ್ಪ ಕಷ್ಟ. ನಮ್ಮ ಮನೆಯಲ್ಲಿ ಕಾರೆಂದರೆ ಒರೆಸುವ ವಸ್ತು. ನಮ್ಮವರು ಭಾನುವಾರ ಭಾನುವಾರ ಹಳೆ ಬನಿಯನ್ನಿನಲ್ಲಿ ಅದನ್ನು ಒರೆಸುತ್ತಿದ್ದರು, ಬಾನೆಟ್ ಮಾತ್ರ ಎತ್ತುತ್ತಿರಲಿಲ್ಲ. ಅವರು ಹೋದ ಮೇಲೆ ನಾನು ಓಡಿಸಲು ಕಲಿತೆ. ಕೊಳ್ಳೇಗಾಲದ ಮನೆಯಿಂದ ಯಳಂದೂರಿನ ಶಾಲೆಗೆ, ಶಾಲೆಯಿಂದ ಮನೆಗೆ. ಮನೆಯಲ್ಲಿ ನಾನು, ಅತ್ತೆ. ಡಿಕ್ಕಿಯಲ್ಲಿ ಒಂದು ಜಾಕು, ಒಂದು ಚಕ್ರ ಬಿಚ್ಚುವ ಸ್ಪ್ಯಾನರು. ಇಷ್ಟೇ ನಮ್ಮ ಸಂಸಾರ.

ಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಹೇಳುವವಳು. ಶಿಲಾಯುಗ, ತಾಮ್ರಯುಗ, ಕಬ್ಬಿಣದ ಯುಗ ಎಂದು ಬೋರ್ಡಿನ ಮೇಲೆ ಗೆರೆ ಎಳೆಯುತ್ತೇನೆ. ಮನುಷ್ಯರನ್ನು ಅವರ ಕೈಯಲ್ಲಿದ್ದ ಉಪಕರಣದಿಂದ ಗುರುತಿಸುವುದು ನಮ್ಮ ಶಾಸ್ತ್ರದ ಪದ್ಧತಿ. ಆ ಪ್ರಕಾರ ನಮ್ಮ ಮನೆ ಮೊನ್ನೆಮೊನ್ನೆಯವರೆಗೂ ಒರಳುಕಲ್ಲಿನ ಯುಗದಲ್ಲೇ ಇತ್ತು. ಕಬ್ಬಿಣದ ಯುಗಕ್ಕೆ ನಾವು ಕಾಲಿಟ್ಟದ್ದು ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ.

ಆಪರೇಷನ್ ಆಯಿತು, ಕೋಲು ಹಿಡಿದು ನಡೆದದ್ದೂ ಆಯಿತು. ತಗ್ಗಿನಲ್ಲಿ ಮಾತ್ರ ಕೂರಿಸಬೇಡಿ, ಮಂಡಿ ಸೊಂಟಕ್ಕಿಂತ ಮೇಲೆ ಬರಕೂಡದು ಎಂದು ಡಾಕ್ಟರು ಹೇಳಿ ಕಳಿಸಿದರು. ನಮ್ಮ ಕಾರಿನ ಸೀಟು ತಗ್ಗು. ದಿಂಬು ಇಟ್ಟು ನೋಡಿದೆ. ದಿಂಬು ಒಂದು ಕಡೆ ಜಾರಿತು, ಅತ್ತೆ ಒಂದು ಕಡೆ ಜಾರಿದರು. ಆಟೋ ಹತ್ತಲು ಕಾಲು ಏಳುವುದಿಲ್ಲ. ಅಲ್ಲಿಗೆ ಅತ್ತೆಯ ಲೋಕ ಜಗಲಿಯವರೆಗೆ ಬಂದು ನಿಂತಿತು.

ಜಗಲಿಯಾಚೆ ಅವರಿಗೆ ಬೇಕಾದದ್ದು ಒಂದೇ ಊರು, ಹೊನ್ನೂರು. ಅಲ್ಲಿ ಅವರ ತಂಗಿ ಪುಟ್ಟಮ್ಮ ಹಾಸಿಗೆ ಹಿಡಿದಿದ್ದಾರೆ. ಮೊದಲು ಅಕ್ಕತಂಗಿಯರು ದಿನಾ ಸಂಜೆ ಫೋನಿನಲ್ಲಿ ಕೂಗಾಡುತ್ತಿದ್ದರು. ಈಗ ಪುಟ್ಟಮ್ಮನಿಗೆ ಕಿವಿ ಪೂರ್ತಿ ಹೋಗಿದೆ. ಅವರ ಸೊಸೆ ಸವಿತ ಫೋನನ್ನು ಅವರ ಕಿವಿಗೆ ಹಿಡಿಯುತ್ತಾಳೆ, ಇತ್ತ ಅತ್ತೆ ಗಂಟಲು ಹರಿದುಕೊಳ್ಳುತ್ತಾರೆ, ಅತ್ತ ಪುಟ್ಟಮ್ಮ "ಯಾರೂ ಮಾತಾಡ್ತಿಲ್ಲ ಕಣವ್ವ" ಎಂದು ಫೋನು ವಾಪಸು ಕೊಡುತ್ತಾರೆ. ಒಬ್ಬರು ಬರಲಾರರು, ಇನ್ನೊಬ್ಬರು ಹೋಗಲಾರರು. ಸವಿತ ಮೊನ್ನೆ ದನಿ ತಗ್ಗಿಸಿ, ಊಟ ಕಮ್ಮಿಯಾಗಿದೆ ಅಕ್ಕ ಎಂದಳು. ದನಿ ತಗ್ಗಿಸಿದ್ದು ಅತ್ತೆಗೂ ಕೇಳಿಸಿತು.

ಸೀಟು ಎತ್ತರಿಸಿಕೊಡಿ ಎಂದರೆ ಗ್ಯಾರೇಜಿನವರು ಆ ಕೆಲಸ ನಮ್ಮದಲ್ಲ ಎಂದರು. ಸರಿ, ಫೋನಿನಲ್ಲಿ ವಿಡಿಯೋ ನೋಡಿದೆ. ಎಲ್ಲ ವಿಡಿಯೋದಲ್ಲೂ ಒಬ್ಬ ನಗುನಗುತ್ತಾ ಬಂದು, ಮನೆಯಲ್ಲಿ ಈ ನಾಲ್ಕೈದು ಸಾಮಾನಿದ್ದರೆ ಸಾಕು ಎನ್ನುತ್ತಾನೆ. ಅವನ ಹಿಂದಿನ ಗೋಡೆಯ ತುಂಬಾ ನಾನೂರು ಸಾಮಾನು ನೇತಾಡುತ್ತಿರುತ್ತವೆ. ನಾನು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಒಂದು ದೊಡ್ಡ ಡಬ್ಬಿ ತಂದೆ. ಅದರಲ್ಲಿ ಸುತ್ತಿಗೆ, ಟೇಪು, ಗೋಡೆಗೆ ಹೊಡೆಯುವ ಮೊಳೆ, ಎಲ್ಲವೂ ಇತ್ತು. ಸೀಟಿನ ಬೋಲ್ಟಿನ ತಲೆಗೆ ಟೊಪ್ಪಿಯಂತೆ ಕೂರುವ ಹದಿನಾಲ್ಕು ಮಿಲಿಮೀಟರಿನ ಸಾಕೆಟ್ ಒಂದಿರಲಿಲ್ಲ. ಆಮೇಲೆ ಬುದ್ಧಿ ಬಂದು ಒಂದೊಂದಾಗಿ ಕೂಡಿಸಿದೆ. ಸಾಕೆಟ್, ಕಿರ್‌ಕಿರ್ ಎಂದು ತಿರುಗುವ ರ್‍ಯಾಚೆಟ್ ಹಿಡಿ, ಅದನ್ನು ಉದ್ದ ಮಾಡುವ ಸರಳು, ತುಕ್ಕು ಬಿಡಿಸುವ ಎಣ್ಣೆ, ತಲೆಗೆ ಕಟ್ಟುವ ಟಾರ್ಚು.

ಒಂದೇ ಸಲಕ್ಕೆ ಏಕೆ ತರಲಿಲ್ಲ ಎಂದರೆ, ನನಗೆ ಬಿಡುವು ಸಿಗುವುದು ಶನಿವಾರ ಮಧ್ಯಾಹ್ನ, ನಮ್ಮ ಮನೆಗೆ ಹೊಸ ಕಬ್ಬಿಣ ಬರಬಾರದ ದಿನವೂ ಶನಿವಾರವೇ. ಆಣಿ ಕೂಡ ಹೊಸ್ತಿಲು ದಾಟುವಂತಿಲ್ಲ.

"ಕಾರು ದಿನಾ ಬರುತ್ತಲ್ಲ ಅತ್ತೆ, ಅದೂ ಕಬ್ಬಿಣವೇ" ಎಂದೆ ಒಮ್ಮೆ.

"ಅದು ಇಲ್ಲಿಂದ ಓಗಿ ಇಲ್ಲಿಗೇ ಬರೋದು. ಮನೆ ದನ ಇದ್ದಂಗೆ. ಒಸ್ದು ಬರಬಾರ್ದು" ಎಂದರು. ಇಂಥ ತರ್ಕಕ್ಕೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ. ಶನಿವಾರ ಕೊಂಡದ್ದನ್ನು ಅಂಗಡಿಯಲ್ಲೇ ಬಿಟ್ಟು, ಸೋಮವಾರ ಶಾಲೆಯಿಂದ ಬರುವಾಗ ತರುತ್ತಿದ್ದೆ. ಅಂಗಡಿಯಾತ "ಟೀಚರಮ್ಮ, ನಿಮ್ಮ ಸಾಮಾನು ನಮ್ಮನೇಲೇ ಇರ್ಲಿ, ಕಾರು ಇಲ್ಲಿಗೇ ತನ್ನಿ" ಎಂದು ನಗುತ್ತಿದ್ದ.

ಮೊದಲ ಬೋಲ್ಟು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅತ್ತೆ ಜಗಲಿಯ ಕುರ್ಚಿಯಿಂದಲೇ ನನ್ನ ಉಸಿರಾಟ ಕೇಳಿ, "ಡಬ್ಬಿ ಮುಚ್ಚಳ ಬಿಚ್ಚೋ ಕಡೀಕೆ ತಿರುಗುಸ್ತಿದ್ದೀಯಾ ತಾನೆ?" ಎಂದರು. ನೋಡಿದರೆ ಬಿಗಿ ಮಾಡುವ ಕಡೆಗೆ ತಿರುಗಿಸುತ್ತಿದ್ದೆ. ದಿಕ್ಕು ಸರಿಯಾದ ಮೇಲೂ ಅದು ಜಗ್ಗಲಿಲ್ಲ. ಕೊನೆಗೆ ಹಳೆ ಒಲೆಯ ಊದುಕೊಳವೆಯನ್ನು ಹಿಡಿಗೆ ತೂರಿಸಿ ಉದ್ದ ಮಾಡಿ ಒತ್ತಿದೆ. ಕಟಕ್ ಎಂದಿತು. ಮುರಿದದ್ದು ಬೋಲ್ಟೋ ನನ್ನ ಬೆನ್ನೋ ಎಂದು ಒಂದು ಗಳಿಗೆ ತಿಳಿಯಲಿಲ್ಲ. ನಮ್ಮವರಿದ್ದಿದ್ದರೆ ಪಕ್ಕದಲ್ಲಿ ಬನಿಯನ್ ಹಿಡಿದು ನಿಂತು, ಹುಷಾರು, ಬಣ್ಣ ಕೆರೆದುಬಿಟ್ಟೀಯ ಎನ್ನುತ್ತಿದ್ದರು. ಹಾಗೆ ಹೇಳುವವರಿಲ್ಲದೆ ಬಣ್ಣ ಕೆರೆದೇ ಬಿಟ್ಟೆ.

ಸೀಟಿನಡಿ ಇಡಲು ಮೂರು ಬೆರಳೆತ್ತರದ ಕಬ್ಬಿಣದ ಬಿಲ್ಲೆಗಳನ್ನು ಕಬ್ಬಿಣ ಕಡೆಯುವ ಲೇತ್ ಅಂಗಡಿಯವರಿಗೆ ಹೇಳಿ ಮಾಡಿಸಿದೆ. ಅವಕ್ಕೆ ತಕ್ಕ ಉದ್ದದ, ಅಷ್ಟೇ ಗಟ್ಟಿಯ ಬೋಲ್ಟುಗಳನ್ನೂ ಅವರೇ ಹುಡುಕಿಕೊಟ್ಟರು. ಎಲ್ಲ ಸಿದ್ಧವಾದದ್ದು ನಿನ್ನೆ, ಶನಿವಾರ. ಅಭ್ಯಾಸಬಲದಿಂದ ಅಲ್ಲೇ ಇಟ್ಟು ಬರಿಗೈಯಲ್ಲಿ ಬಂದೆ. ಬರುವಷ್ಟರಲ್ಲಿ ಸವಿತಳ ಫೋನು ಬಂದಿತ್ತಂತೆ. ಪುಟ್ಟಮ್ಮ ಎರಡು ದಿನದಿಂದ ಗಂಜಿಯಷ್ಟೇ ಕುಡಿಯುತ್ತಿದ್ದಾರೆ, ಬಾಗಿಲ ಕಡೆಗೇ ನೋಡುತ್ತಾರೆ ಎಂದು.

"ತಕ್ಕಂಡು ಬಂದ್ಯಾ?" ಎಂದರು ಅತ್ತೆ.

"ಶನಿವಾರ ಅಲ್ವಾ ಅತ್ತೆ. ಅಲ್ಲೇ ಇಟ್ಟು ಬಂದೆ."

"ಓಗು, ತಕ್ಕಂಡು ಬಾ."

"ಶನಿವಾರ..."

"ಸನಿ ನನ್ನ ಸೊಂಟನೇ ಮುರ್ದವ್ನೆ. ಇನ್ನೇನು ಮುರ್ದಾನು? ಅಂಗಡಿ ಮುಚ್ತಾರೆ, ಓಗವ್ವ."

ಹೋದೆ. ಬಿಲ್ಲೆಗಳ ಚೀಲ ಹಿಡಿದು ಬಂದಾಗ ಅತ್ತೆ ಕೋಲೂರಿ ಹೊಸ್ತಿಲಲ್ಲೇ ನಿಂತಿದ್ದರು. ಚೀಲವನ್ನು ತಾವೇ ಈಸಿಕೊಂಡು ಒಳಗಿಟ್ಟರು. ಆಮೇಲೆ ಕಾರಿನ ಪಕ್ಕಕ್ಕೆ ಕುರ್ಚಿಯನ್ನೂ ಚೀಲವನ್ನೂ ತರಿಸಿಕೊಂಡು ಕೂತು, ಕತ್ತಲಾಗುವ ಮುಂಚೆ ಸೀಟು ಕೂರುವವರೆಗೆ ಒಂದೊಂದೇ ಬೋಲ್ಟು ಕೈಗೆ ಕೊಟ್ಟರು. ಇಷ್ಟು ವರ್ಷದಲ್ಲಿ ನಾವಿಬ್ಬರು ಸೇರಿ ಅಡಿಗೆಯಲ್ಲದೆ ಮಾಡಿದ ಬೇರೆ ಕೆಲಸ ನನಗೆ ನೆನಪಾಗಲಿಲ್ಲ.

ಇವತ್ತು ತಲೆಗೆರೆದು ಜಡೆ ಹಾಕಿದ್ದು ಹೊನ್ನೂರಿಗೆ ಹೊರಡಲೆಂದೇ. ಕೂತಲ್ಲೇ ಸಲೀಸಾಗಿ ತಿರುಗಲೆಂದು ಸೀಟಿನ ಮೇಲೆ ನುಣುಪಾದ ನೈಲಾನ್ ಸೀರೆಯ ತುಂಡು ಹಾಸಿದೆ. ಅತ್ತೆ ಬೆನ್ನು ಕೊಟ್ಟು ಕೂತರು, ಕಾಲುಗಳನ್ನು ನಾನು ಹಿಡಿದೆ, ಮೆಲ್ಲಗೆ ತಿರುಗಿದರು. ನೋವಾಯಿತಾ ಎಂದೆ. "ಗದ್ದೆ ಎಲ್ಲ ಕಾಣ್ತದೆ, ನಡಿ" ಎಂದರು. ಮೂರು ಬೆರಳು ಮೇಲೇರಿದ್ದರಿಂದ ಯಳಂದೂರು ದಾಟಿದ ಮೇಲೂ ಅವರಿಗೆ ನನಗಿಂತ ಹೆಚ್ಚು ಕಂಡಿತು: ಯಾರ ಕಬ್ಬು ಕಡಿದಿದೆ, ಯಾರ ತೆಂಗಿಗೆ ನುಸಿ ಬಿದ್ದಿದೆ.

ಹೊನ್ನೂರಿನಲ್ಲಿ ಪುಟ್ಟಮ್ಮ ಅಕ್ಕನ ಕೈ ಹಿಡಿದು ಬಹಳ ಹೊತ್ತು ನೋಡಿ, "ಕೂದ್ಲೆಲ್ಲ ಓಯ್ತಲ್ಲಕ್ಕ" ಎಂದರು. "ನಿಂದೇನು ಮೊಣಕಾಲಗಂಟ ಐತಾ?" ಎಂದರು ಅತ್ತೆ. ಕೇಳಿಸಲಿಲ್ಲ, ಆದರೂ ಪುಟ್ಟಮ್ಮ ನಕ್ಕರು. ಮಧ್ಯಾಹ್ನ ಅತ್ತೆ ಕಲಸಿ ಕೊಟ್ಟ ಅನ್ನ ನಾಲ್ಕು ತುತ್ತು ಒಳಗೆ ಹೋಯಿತು.

ಹೊರಡೋಣವಾ ಎಂದೆ.

"ನೀನು ಓಗು. ನಾನು ಇರ್ತೀನಿ."

"ಎಷ್ಟು ದಿನ ಅತ್ತೆ?"

"ಅದ್ಯಾಕೆ ಕೇಳೀಯೇ ಮಗ. ಅವಳು ಇರೋಗಂಟ." ತಂಗಿಯ ಹೊದಿಕೆ ಸರಿಮಾಡಿ, "ಒಬ್ಳೇ ಇದ್ದೀಯೆ, ಬಾಗ್ಲು ನೋಡ್ಕೊ" ಎಂದರು.

ಇದನ್ನು ನಾನು ಎಣಿಸಿರಲಿಲ್ಲ. ಬೇಕಾದ ಉಪಕರಣವೆಲ್ಲ ಕೂಡಿಸಿ, ವಾರಗಟ್ಟಲೆ ಬೆನ್ನು ನೋಯಿಸಿಕೊಂಡು, ಮನೆಯಲ್ಲಿದ್ದ ಒಂದು ಜೀವ ಹೊರಟುಹೋಗಲು ದಾರಿ ಮಾಡಿದ್ದೆ. ಆ ನಗುವ ವಿಡಿಯೋದವನು ಇದನ್ನು ಹೇಳುವುದಿಲ್ಲ. ರಿಪೇರಿ ಸರಿಯಾಗಿ ಆಯಿತು ಎಂದರೆ ವಸ್ತು ತನ್ನ ಕೆಲಸಕ್ಕೆ ಹೋಯಿತು ಎಂದರ್ಥ. ಮಾಡಿದವರ ಪಕ್ಕದಲ್ಲೇ ಕೂರುವುದು ಅದರ ಕೆಲಸವಲ್ಲ. ವಾಪಸು ಬರುವಾಗ ಎಡಗಡೆ ಸೀಟಿನಲ್ಲಿ ಸೀರೆಯ ತುಂಡೊಂದೇ ಇತ್ತು. ತಿರುವಿನಲ್ಲಿ ಜಾರಿ ಬೀಳುತ್ತಿತ್ತು, ಎತ್ತಿ ಹಾಕುತ್ತಿದ್ದೆ.

ರಾತ್ರಿ ಉಪ್ಸಾರು, ಮುದ್ದೆ. ಅಭ್ಯಾಸದಿಂದ ಎರಡು ಮುದ್ದೆ ಕಟ್ಟಿದ್ದೆ. ಒಂದನ್ನು ಉಂಡೆ, ಇನ್ನೊಂದನ್ನು ಮುಚ್ಚಿಟ್ಟೆ. ಪಾತ್ರೆ ತೊಳೆಯುವಾಗ ಸವಿತ ಫೋನು ಮಾಡಿದಳು. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿದರಂತೆ. ಮೊದಲು ನಿದ್ದೆ ಹೋದದ್ದು ಪುಟ್ಟಮ್ಮ, ಅವರ ಗೊರಕೆ ಕೇಳಿಸಿದ ಮೇಲೆ ಅತ್ತೆ. ಬಾಗಿಲು ಭದ್ರವಾಗಿದೆಯೇ ನೋಡಿ ಬಂದು ಮಲಗಿದ ಮೂರನೆಯವಳು ನಾನು.