ತಗ್ಗಿನ ಕಿಟಕಿ

ವರ್ತಕ ನಗರದಲ್ಲಿ ನಮ್ಮ ಎದುರು ಮನೆಯಲ್ಲಿದ್ದ, ಹೋಟೆಲು ನಡೆಸುತ್ತಿದ್ದ ಯಜಮಾನರು ಕೂರುವ ಮೊದಲು ಹೆಗಲ ಬೈರಾಸಿನಿಂದ ಮೇಜು ಒರೆಸುತ್ತಿದ್ದರು, ಅದು ಯಾರ ಮನೆಯದಾದರೂ ಸರಿ. ಅಂಬರನಾಥದಾಚೆ ಕೆರೆದಂಡೆಯಲ್ಲಿ ಅವರದೊಂದು ಹಳೆಯ ಕಾಟೇಜು ಇತ್ತು. ಲಕ್ವ ಹೊಡೆದ ಹೆಂಡತಿಗಾಗಿ ಅದಕ್ಕೊಂದು ಕೋಣೆ ಸೇರಿಸುತ್ತಿದ್ದರು. ಗೌಂಡಿ ಕಿಟಕಿಯನ್ನು ಎಲ್ಲ ಮನೆಗಳಂತೆ ಸೊಂಟದೆತ್ತರಕ್ಕೆ ಇಟ್ಟಾಗ ಗೋಡೆ ಒಡೆಸಿ ಇಳಿಸಿದರು. "ಮಲಗಿದವಳಿಗೆ ಕೆರೆ ಕಾಣ್ಬೇಕು ಮಾರಾಯ್ರೆ" ಎಂದು ಲಿಫ್ಟಿನಲ್ಲೂ ಹೇಳುತ್ತಿದ್ದರು.

ಕೋಣೆ ಮುಗಿಯುವ ಮೊದಲೇ ಆಕೆ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜ ಕಳೆದ ಮೇಲೆ ಯಜಮಾನರ ಜೊತೆ ನಾನೂ ಕಾಟೇಜಿಗೆ ಹೋಗಿದ್ದೆ. ಇನ್ನು ಕಿಟಕಿ ಏರಿಸಲೇ ಎಂದು ಗೌಂಡಿ ಹಿಂದಿಯಲ್ಲಿ ಮೆಲ್ಲಗೆ ಕೇಳಿದ. ಯಜಮಾನರು ಹಾಸಿಗೆ ಹಾಸಬೇಕಿದ್ದ ಜಾಗವನ್ನು ಬೈರಾಸಿನಿಂದ ಒರೆಸಿ ಅಲ್ಲೇ ಮಲಗಿದರು. ತುಂಬ ಹೊತ್ತು ಕಿಟಕಿಯನ್ನೇ ನೋಡಿದರು.

"ಇಲ್ಲಿಂದ ಬರೀ ಆಕಾಶ ಕಾಣ್ತದೆ ಮಾರಾಯ್ರೆ. ಇನ್ನೂ ಕೆಳಗಿಳಿಸ್ಬೇಕು" ಎಂದರು.