ಏರಿನಲ್ಲಿ ಇಬ್ಬರನ್ನು ಹೊರದ ಬೈಕು

ಕಳೆದ ದಸರಾ ರಜೆಯಲ್ಲಿ ನಾನೂ ನನ್ನ ನಾದಿನಿಯೂ ಹುಣಸೂರಿನಲ್ಲಿ ಒಂದು ಬೈಕು ಬಾಡಿಗೆಗೆ ಹಿಡಿದು ಕೊಡಗಿನ ಬೆಟ್ಟದ ದಾರಿಗೆ ಹೋದೆವು. ನನಗೆ ನಲವತ್ತಾರು, ಅವಳಿಗೆ ಮೂವತ್ತೆಂಟು. ನನ್ನ ಗಂಡ, ಅಂದರೆ ಅವಳ ಅಣ್ಣ, ತೀರಿಕೊಂಡು ಆಗ್ಗೆ ಒಂದೂವರೆ ವರ್ಷವಾಗಿತ್ತು.

ಹೋಗೋಣ ಎಂದವಳು ಅವಳೇ. ಪಿರಿಯಾಪಟ್ಟಣದಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡು ಒಬ್ಬಳೇ ಇರುವ ಅವಳು ನನಗೆ ಫೋನ್ ಮಾಡಿ ಎಷ್ಟೋ ತಿಂಗಳಾಗಿತ್ತು.

"ಅತ್ತಿಗೆ, ರಜಾ ಅಲ್ವಾ ನಿಮ್ಗೆ? ಅಣ್ಣ ನಮ್ನ ಕರ್ಕೊಂಡೋಯ್ತಿದ್ದ ದಾರೀಲಿ ಒಂದ್ಸಲ ಹೋಗ್ಬರಾಣ. ನಾನೇ ಓಡುಸ್ತೀನಿ."

ನಾನು ಕೃಷ್ಣರಾಜನಗರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಇರುವುದು ಹುಣಸೂರಿನಲ್ಲಿ. ರಜೆ ಬಂತೆಂದರೆ ಮನೆಯಲ್ಲಿ ಹೊತ್ತು ಹೋಗದ ಕಾಲ ಅದು. ಆದರೂ ಹೂಂ ಎನ್ನಲು ಎರಡು ದಿನ ತೆಗೆದುಕೊಂಡೆ.

ಬೈಕಿನಲ್ಲಿ ಬೆಟ್ಟ ಹತ್ತುವುದೆಂದರೆ ನನ್ನ ಗಂಡನಿಗೆ ದೊಡ್ಡ ಹುಚ್ಚು. ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿಯಲ್ಲಿ ವರ್ಷವಿಡೀ ಗ್ರೀಸು ಮೆತ್ತಿಕೊಂಡಿರುತ್ತಿದ್ದ ಮನುಷ್ಯ ದಸರೆಗೆ ಎರಡು ದಿನ ಬಾಗಿಲು ಹಾಕಿ ಬೈಕು ತೆಗೆಯುತ್ತಿದ್ದರು. ಮದುವೆಗೆ ಮೊದಲು ಹಿಂದೆ ಕೂರುತ್ತಿದ್ದವಳು ತಂಗಿ. ಕೆರೆ ಏರಿಯ ಮೇಲೆ ಅವಳಿಗೆ ಗೇರ್ ಗಾಡಿ ಕಲಿಸಿದವರೂ ಅವರೇ. ನಾನು ಬಂದ ಮೇಲೆ ಹಿಂದಿನ ಸೀಟು ನನ್ನದಾಯಿತು. ಅವಳು ಅದನ್ನು ಎಂದೂ ಆಡಿ ತೋರಿಸಲಿಲ್ಲ. ಬಾಗಿಲಲ್ಲಿ ನಿಂತು ಕೈ ಬೀಸಿ ಕಳಿಸುತ್ತಿದ್ದಳು, ಅಷ್ಟೆ. ಅವರು ಹೋದ ಎರಡು ತಿಂಗಳಿಗೆ ಆ ಬೈಕನ್ನು ನಾನು ಅವಳಿಗೊಂದು ಮಾತೂ ಹೇಳದೆ ಮಾರಿಬಿಟ್ಟಿದ್ದೆ. ಅದಕ್ಕೇ ಈ ಬಾಡಿಗೆ ಗಾಡಿ.

ನಾಗರಹೊಳೆ, ಕೊಡಗು ನೋಡಲು ಬರುವವರಿಗಾಗಿ ಹುಣಸೂರಿನಲ್ಲಿ ಒಬ್ಬರು ನಾಲ್ಕೈದು ಗಾಡಿ ಬಾಡಿಗೆಗೆ ಇಟ್ಟಿದ್ದರು. ನಮ್ಮಿಬ್ಬರನ್ನೂ ನೋಡಿ, ನಮ್ಮ ಹಿಂದೆ ಯಾರಾದರೂ ಗಂಡಸರು ಬರುತ್ತಿದ್ದಾರೆಯೇ ಎಂದು ನೋಡಿದರು.

"ಓಡ್ಸೋರ್ಯಾರು ಮೇಡಂ?"

"ನಾನೇ ಕಣ್ರೀ," ಎಂದು ಇವಳು ಲೈಸೆನ್ಸ್ ತೆಗೆದು ಕೊಟ್ಟಳು. ದಪ್ಪ ಟ್ಯಾಂಕಿನ ಗಾಡಿಗಳನ್ನೆಲ್ಲ ಬಿಟ್ಟು ಮೂಲೆಯಲ್ಲಿದ್ದ ಹಗುರವಾದ ಒಂದು ಕೆಂಪು ಬೈಕನ್ನು ಹಿಡಿದು ಆ ಕಡೆ ಈ ಕಡೆ ವಾಲಿಸಿ ನೋಡಿದಳು. "ಇದೇ ಸಾಕು. ಬಿದ್ರೂ ನಾನೊಬ್ಳೇ ಎತ್ತಬೋದು."

"ಬೆಟ್ಟದಲ್ಲಿ ಇಬ್ರುನ್ನ ಎಳೆಯಕ್ಕಿಲ್ಲ ಅದು."

"ಎಳೀದಿದ್ರೆ ಇಳ್ದು ನಡೀತೀವಿ ಬುಡಿ."

ಬೆಳಿಗ್ಗೆ ಏಳಕ್ಕೆ ಹೊರಟೆವು. ಆನೆಚೌಕೂರಿನ ಗೇಟು ದಾಟಿ ಕಾಡು ಶುರುವಾದಾಗ ಚಳಿ ಮಂಡಿಗೆ ಹೊಡೆಯುತ್ತಿತ್ತು. ಅವಳು ಅಣ್ಣನ ಹಾಗೇ ಓಡಿಸುತ್ತಿದ್ದಳು. ತಿರುವಿಗೆ ಮೊದಲೇ ಗೇರ್ ಇಳಿಸಿ, ಭುಜ ಸ್ವಲ್ಪ ಒಳಕ್ಕೆ ಬಾಗಿಸುವುದು. ಹಿಂದೆ ಕೂತ ನನಗೆ ಅದನ್ನು ನೋಡಲಾಗಲಿಲ್ಲ. ದಾರಿಯುದ್ದಕ್ಕೂ ಪಕ್ಕದ ಮರಗಳನ್ನೇ ನೋಡಿಕೊಂಡು ಹೋದೆ. ತಿತಿಮತಿ, ಗೋಣಿಕೊಪ್ಪ, ವಿರಾಜಪೇಟೆ. ಅಲ್ಲಿ ತಿಂಡಿ ತಿನ್ನುವಾಗಲೂ ಇಡ್ಲಿ, ಚಟ್ನಿ, ಪೆಟ್ರೋಲ್ ಅಂತ ಏನೇನೋ ಮಾತಾಡಿದೆವೇ ಹೊರತು ಅವರ ಸುದ್ದಿ ತೆಗೆಯಲಿಲ್ಲ.

ಅವರು ತೀರಿಹೋದದ್ದು ಮಾರ್ಚ್ ತಿಂಗಳಲ್ಲಿ. ಆ ದಿನ ಇವಳು ಬಿಳಿಕೆರೆಯಲ್ಲಿ ಯಾರೋ ಮಾರುತ್ತಿದ್ದ ಬಟ್ಟೆಯ ಅಂಚು ಹೊಲಿಯುವ ಹಳೆಯ ಓವರ್‌ಲಾಕ್ ಮಿಷನ್ ಕೊಂಡಿದ್ದಳು. ಬಸ್ಸಿನವರು ಅದನ್ನು ಹತ್ತಿಸಿಕೊಳ್ಳಲಿಲ್ಲವೆಂದು ಸಂಜೆ ಅಣ್ಣನಿಗೆ ಫೋನ್ ಮಾಡಿದಳು. ಅವರು ಅಂಗಡಿ ಮುಚ್ಚಿ ಹೊರಟರು. ಬಿಳಿಕೆರೆ ಇನ್ನೂ ಎರಡು ಮೈಲಿ ಇರುವಾಗ ಬೈಕನ್ನು ಪಕ್ಕಕ್ಕೆ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದು ಕನ್ನಡಿಗೆ ಸಿಕ್ಕಿಸಿ, ಒಂದು ಮರದ ಬುಡದಲ್ಲಿ ಕೂತರಂತೆ. ನೋಡಿದವರು ಸುಸ್ತಿಗೆ ಕೂತಿದ್ದಾರೆ ಎಂದುಕೊಂಡರಂತೆ. ಹೃದಯ ನಿಂತಿತ್ತು.

ಹನ್ನೊಂದನೇ ದಿನ ನೆಂಟರೆಲ್ಲ ಹಜಾರದಲ್ಲಿ ಕೂತಿದ್ದಾಗ ನಾನು ಒಂದು ಮಾತು ಆಡಿದೆ: "ಅವಳು ಕರೀದೇ ಇದ್ದಿದ್ರೆ ಅವತ್ತು ಮನೇಲಿರ್ತಿದ್ರು." ಇವಳು ಅಡುಗೆಮನೆಯಲ್ಲಿದ್ದಳು. ನೆಂಟರಲ್ಲಿ ಆ ಮಾತು ಬೆಳೆಯಿತು. ಕಂಪಲಾಪುರದ ಕಡೆಯಿರುವ ನನ್ನ ಗಂಡನ ಊರಿನಲ್ಲೂ ಹರಡಿತು. ಬೆಳೆಯುವುದು ಗೊತ್ತಿದ್ದೂ ನಾನು ಸುಮ್ಮನಿದ್ದೆ.

ಕಕ್ಕಬ್ಬೆ ದಾಟಿದ ಮೇಲೆ ನಾವು ರಾತ್ರಿ ಉಳಿಯಬೇಕಿದ್ದ ಹೋಂಸ್ಟೇ ಮನೆಗೆ ಒಂದು ಕಡಿದಾದ ಕಾಂಕ್ರೀಟು ದಾರಿ. ಮಂಜು ಇಳಿಯತೊಡಗಿತ್ತು. ಎರಡನೇ ತಿರುವಿನಲ್ಲೇ ಬೈಕು ಮುಕ್ಕರಿಯತೊಡಗಿತು. ಮೊದಲ ಗೇರಿನಲ್ಲೂ ಮುಂದಕ್ಕೆ ಹೋಗದೆ ಹಿಂದಕ್ಕೆ ಜಾರುವ ಹಾಗಾಯಿತು.

"ಇಳೀರಿ ಅತ್ತಿಗೆ. ಮುಂದಿನ ತಿರುವಲ್ಲಿ ನಿಂತಿರ್ತೀನಿ, ನಿಧಾನುಕ್ ಬನ್ನಿ."

ಅವಳು ಮೇಲೆ ಹೋಗಿ ಕಾಯುವುದು, ನಾನು ನಡೆದು ಸೇರುವುದು, ಮತ್ತೆ ಅವಳು ಮುಂದೆ ಹೋಗುವುದು. ಹೀಗೆ ನಾಲ್ಕು ತಿರುವು ಕಳೆಯಿತು. ಐದನೆಯದರಲ್ಲಿ ನನಗೆ ಉಸಿರು ಸಿಕ್ಕಲಿಲ್ಲ. ಕಣ್ಣು ಕತ್ತಲಿಟ್ಟು, ದಾರಿಯ ಪಕ್ಕದ ಕಲ್ಲಿನ ಮೇಲೆ ಕೂತು ಎದೆಯ ಮೇಲೆ ಕೈ ಇಟ್ಟುಕೊಂಡೆ.

ಮೇಲಿಂದ ನೋಡಿದ ಅವಳು ಬೈಕನ್ನು ಹಾಗೇ ಕೈಬಿಟ್ಟಳು. ಅದು ದೊಪ್ಪನೆ ಬಿದ್ದ ಸದ್ದು ಕೇಳಿಸಿತು. ಚಪ್ಪಲಿ ಒಂದು ಕಡೆ, ತಾನೊಂದು ಕಡೆಯಾಗಿ ಓಡಿ ಬಂದು ನನ್ನ ಎರಡೂ ತೋಳು ಹಿಡಿದಳು.

"ಅತ್ತಿಗೆ, ಎದೆ ನೋಯ್ತದಾ? ಹೇಳಿ ಅತ್ತಿಗೆ, ಎಡಗೈ ನೋಯ್ತದಾ?"

"ಇಲ್ಲ ಕಣೇ, ಏದುಸಿರು ಅಷ್ಟೆ."

ಅವಳು ನಂಬಲಿಲ್ಲ. ನನ್ನ ಮುಖವನ್ನೇ ನೋಡುತ್ತ ಇದ್ದಳು. ನನ್ನ ಉಸಿರು ಹದಕ್ಕೆ ಬಂದ ಮೇಲೆ ರಸ್ತೆಯ ಮೇಲೇ ಕೂತುಬಿಟ್ಟಳು. ಅಳುತ್ತಿದ್ದಳು.

"ಅಣ್ಣ ನಂಗೆ ಹೇಳಿದ್ದ ಅತ್ತಿಗೆ. ಫೋನಲ್ಲಿ. ಯಾಕೋ ಎದೆ ಹಿಡ್ಕಂಡಂಗೆ ಆಯ್ತದೆ ಕಣವ್ವ, ನಾಳೆ ಬರ್ಲಾ ಅಂದ. ನಾನು, ಗ್ಯಾಸ್ ಆಗಿರ್ತದೆ, ಸೋಡಾ ಕುಡ್ದು ಬಾ, ಇಲ್ಲಿ ಮಿಷನ್ ಇಟ್ಕಂಡು ರೋಡಲ್ಲಿ ನಿಂತಿವ್ನಿ ಅಂದೆ. ನಗಾಡ್ಕಂಡ್ ಅಂದೆ ಅತ್ತಿಗೆ. ನೀವು ಅವತ್ತು ಹೇಳಿದ್ದು ಸರೀನೇ. ನಾನೇ ಕೊಂದೆ."

ಆ ಗಳಿಗೆಯಲ್ಲಿ ನಾನೂ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಅವಳ ತಲೆ ಸವರಿ "ಬಿಡು, ಆಗಿದ್ದು ಆಯ್ತು" ಎಂದೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವಳ ಧಾಟಿಯಲ್ಲಿ ಎಂದೆ. ಆ ದನಿ ಈಗಲೂ ನನ್ನ ಕಿವಿಯಲ್ಲಿದೆ.

ಬೈಕಿನ ಒಂದು ಕನ್ನಡಿ ಒಡೆದಿತ್ತು. ಇಬ್ಬರೂ ಸೇರಿ ಅದನ್ನು ತಳ್ಳಿಕೊಂಡೇ ಮೇಲೆ ಹೋದೆವು.

ಆ ಮನೆಯ ಕೊಡವರ ಅಜ್ಜಿ ನಮಗೆ ಬಿಸಿನೀರು ಕಾಯಿಸಿಟ್ಟಿದ್ದರು. ಅಕ್ಕಿರೊಟ್ಟಿ ಬಡಿಸುತ್ತ, "ನೀವಿಬ್ಬರು ಅಕ್ಕತಂಗಿಯರಾ?" ಎಂದು ಕೇಳಿದರು.

"ಇವ್ರು ನಮ್ಮ ಅತ್ತಿಗೆ. ನಮ್ಮಣ್ಣ ಇಲ್ಲ ಈಗ," ಎಂದಳು ಇವಳು. ಎಷ್ಟೋ ದಿನದಿಂದ ಹೊತ್ತಿದ್ದುದನ್ನು ಇಳಿಸಿ ಹಗುರಾದವಳಂತೆ ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ಹಾಸಿಗೆಗೆ ಬಿದ್ದವಳೇ ನಿದ್ದೆಹೋದಳು. ನನಗೆ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಬಿಸಿಲು ಬಂದಿತ್ತು. ಕೆಳಗಿಳಿಯುವಾಗ ಬೈಕಿಗೆ ಏನೂ ಕಷ್ಟವಾಗಲಿಲ್ಲ. ವಿರಾಜಪೇಟೆಗೆ ಮುಂಚೆ ಒಂದು ಕಾಫಿ ತೋಟದ ಬೇಲಿಯ ಪಕ್ಕ, "ಸ್ವಲ್ಪ ನಿಲ್ಸು," ಎಂದೆ. ಅವಳು ನಿಲ್ಲಿಸಿದಳು. ಗಾಡಿಯಿಂದ ಇಳಿದೆ. ಅವಳು ಇಳಿಯಲಿಲ್ಲ, ಕಾಲೂರಿ ಕೂತೇ ಇದ್ದಳು.

"ನನಗೂ ಹೇಳಿದ್ರು," ಎಂದೆ.

"ಏನು?"

"ಅವತ್ತು ಬೆಳಿಗ್ಗೆ. ಅಂಗಿ ಗುಂಡಿ ಹಾಕ್ಕೋತಾ, ಎಡಗೈ ಸೆಳೀತದೆ, ಸಾಯಂಕಾಲ ಬೇಗ ಬಂದ್ರೆ ಆಸ್ಪತ್ರೆಗೆ ಹೋಗ್ಬರಾಣ ಅಂದ್ರು. ನನಗೆ ಪರೀಕ್ಷೆ ಪೇಪರ್ ತಿದ್ದೋದಿತ್ತು. ಭಾನುವಾರ ನೋಡಾಣ ಅಂದೆ. ನಾಲ್ಕು ಗಂಟೆಗೆ ಫೋನ್ ಮಾಡಿದ್ರು. ಕಟ್ ಮಾಡಿದೆ. ತಿರುಗಿ ಮಾಡ್ಲಿಲ್ಲ. ನೀನು ಕರೆದದ್ದು ಆಮೇಲೆ."

ಅವಳು ಮುಂದಿನ ರಸ್ತೆಯನ್ನೇ ನೋಡುತ್ತಿದ್ದಳು. ಒಂದು ಜೀಪು ನಮ್ಮನ್ನು ದಾಟಿ ಹೋಯಿತು. ಆಮೇಲೆ ಮಾತಾಡಿದಳು. ದನಿ ಎತ್ತರಿಸಲಿಲ್ಲ.

"ಒಂದೂವರೆ ವರ್ಷ ಅತ್ತಿಗೆ."

ನಾನು ತಲೆ ತಗ್ಗಿಸಿದೆ.

"ಅವತ್ತು ಅಡುಗೆಮನೇಲಿ ಅಕ್ಕಿ ತೊಳೀತಿದ್ದೆ. ನೀವು ಅಂದಿದ್ದು ಕೇಳುಸ್ತು. ಅದಾದ್ಮೇಲೆ ನಮ್ಮೂರಿಗೇ ಹೋಗಿಲ್ಲ ನಾನು. ದೊಡ್ಡವ್ವ ಸತ್ತಾಗ್ಲೂ ಹೋಗಿಲ್ಲ, ಯಾರು ಏನಂತಾರೋ ಅಂತ. ನಿಮ್ಗೆ ಗೊತ್ತಿತ್ತು. ನೆನ್ನೆ ನಾನು ಆ ರೋಡಲ್ಲಿ ಕೂತು ಅಳುವಾಗ್ಲೂ ನಿಮ್ಗೆ ಗೊತ್ತಿತ್ತು."

"ಗೊತ್ತಿತ್ತು."

"ಹತ್ಕಳಿ. ಗಾಡಿ ಒಪ್ಪುಸ್ಬೇಕು."

ಕಾಡಿನ ದಾರಿಯಲ್ಲಿ ಅವಳ ಬೆನ್ನು ಎರಡು ಸಲ ನಡುಗಿತು. ಭುಜದ ಮೇಲೆ ಕೈ ಇಟ್ಟೆ. ಅವಳು ಕೊಡವಿಕೊಳ್ಳಲಿಲ್ಲ. ಒರಗಲೂ ಇಲ್ಲ. ಸ್ವಲ್ಪ ದೂರ ಹೋದ ಮೇಲೆ ನಾನೇ ಕೈ ತೆಗೆದು ಹಿಂದಿನ ಕಂಬಿ ಹಿಡಿದುಕೊಂಡೆ.

ಹುಣಸೂರಿನಲ್ಲಿ ಗಾಡಿ ಒಪ್ಪಿಸಿದೆವು. ಒಡೆದ ಕನ್ನಡಿಯನ್ನು ನೋಡಿ ಅಂಗಡಿಯವರು "ಬಿದ್ರಾ ಮೇಡಂ?" ಎಂದರು. "ನಿಂತಿದ್ದಾಗ ಬಿತ್ತು," ಎಂದಳು ಅವಳು. ಮನೆಗೆ ಬಂದು ಊಟ ಮಾಡಿ ಹೋಗು ಎಂದು ಕರೆದೆ. ಅಂಗಡಿಯಲ್ಲಿ ಬಟ್ಟೆ ಕೊಡಬೇಕಾದವರಿದ್ದಾರೆ ಎಂದು ಪಿರಿಯಾಪಟ್ಟಣದ ಬಸ್ಸು ಹತ್ತಿದಳು. ಕಿಟಕಿಯ ಪಕ್ಕವೇ ಕೂತಿದ್ದಳು, ತಿರುಗಿ ನೋಡಲಿಲ್ಲ.

ಐದು ತಿಂಗಳು ಫೋನ್ ಬರಲಿಲ್ಲ. ನಾನು ಮಾಡಿದರೆ ಎತ್ತುತ್ತಿರಲಿಲ್ಲ. ಎರಡನೇ ವರ್ಷದ ತಿಥಿಗೆ ಬಂದಳು, ಬೆಳಿಗ್ಗೆ ಎಲ್ಲರಿಗಿಂತ ಮೊದಲೇ. ಮಾತಿಲ್ಲದೆ ನನ್ನ ಜೊತೆ ಅಡುಗೆ ಮಾಡಿದಳು. ನೆಂಟರೆಲ್ಲ ಊಟಕ್ಕೆ ಕೂತಾಗ ನಾನು ಹಜಾರದ ನಡುವೆ ನಿಂತು ಆ ದಿನ ನಡೆದುದನ್ನೆಲ್ಲ ಹೇಳಿದೆ. ಬೆಳಿಗ್ಗೆ ಅವರು ಕೇಳಿದ್ದು, ನಾನು ಮುಂದಕ್ಕೆ ಹಾಕಿದ್ದು, ನಾಲ್ಕು ಗಂಟೆಯ ಫೋನು. ನನ್ನ ಮೈದುನ ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲಿಟ್ಟ. ನನ್ನ ಗಂಡನ ಚಿಕ್ಕಮ್ಮ "ಇದ್ನೆಲ್ಲ ಯಾಕವ್ವ ಈಗ" ಎಂದರು. ಇವಳು ಸಾರಿನ ಪಾತ್ರೆ ಹಿಡಿದು ಬಡಿಸುತ್ತಿದ್ದಳು. ಬಡಿಸುತ್ತಲೇ ಹೋದಳು.

ಕ್ಷಮಿಸಿದ್ದಾಳೆಯೋ ಇಲ್ಲವೋ ನಾನು ಕೇಳಿಲ್ಲ. ಕೇಳುವ ಮುಖವೂ ನನಗಿಲ್ಲ. ಆ ತಿಥಿಯ ಮಾರನೇ ವಾರ ತಾನೇ ಬಂದು ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿದಳು. ಬಿಪಿ ಇದೆ ಎಂದರು. ಈಗ ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಾಳೆ.

"ಮಾತ್ರೆ ತಗಂಡ್ರಾ?"

"ತಗೊಂಡೆ."

"ಸರಿ, ಇಡ್ತೀನಿ."

ಅಷ್ಟೇ ಮಾತು. ಅವಳು ಇಟ್ಟ ಮೇಲೂ ನಾನು ಸ್ವಲ್ಪ ಹೊತ್ತು ಫೋನನ್ನು ಕಿವಿಯಲ್ಲೇ ಇಟ್ಟುಕೊಂಡು ನಿಂತಿರುತ್ತೇನೆ.